ದೊಡ್ಡಪ್ಪನ ಭೀಮರಥ ಶಾಂತಿಗೆ ಕೈಯಲ್ಲೇ ಮಾಡುವ ಆಲ್ಬಮ್: ಯಾವ ಥೀಮ್ ಇಟ್ಟುಕೊಳ್ಳಲಿ?

ಸಾಗರದ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರವರಿಗೆ ನಮ್ಮ ದೊಡ್ಡಪ್ಪನಿಗೆ ಎಪ್ಪತ್ತು ತುಂಬುತ್ತದೆ. ಭೀಮರಥ ಶಾಂತಿ ಇಟ್ಟುಕೊಂಡಿದ್ದೇವೆ. ಅವತ್ತು ಅವರಿಗೆ ಒಂದು ಸ್ಕ್ರ್ಯಾಪ್‌ಬುಕ್ ಕೊಡಬೇಕು ಅಂತ ನನ್ನ ಆಸೆ. ಪ್ರಿಂಟ್ ಹಾಕಿಸುವ ಫೋಟೋಬುಕ್ ಅಲ್ಲ. ನಾವೇ ಅಂಟಿಸಿ, ನಾವೇ ಬರೆದು ಮಾಡುವಂಥದ್ದು.

ಸಾಮಗ್ರಿ ಅಮ್ಮನ ಟ್ರಂಕಿನಲ್ಲಿ ಬೇಕಾದಷ್ಟಿದೆ. ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪು ಬಿಳುಪು ಫೋಟೋಗಳು, ಎಂಬತ್ತರ ದಶಕದ ಮದುವೆಗಳ ಕಲರ್ ಫೋಟೋಗಳು (ಎಲ್ಲಾ ಕೆಂಪಗಾಗಿವೆ), ಲಗ್ನಪತ್ರಿಕೆಗಳು, ಇನ್‌ಲ್ಯಾಂಡ್ ಲೆಟರ್‌ಗಳು, ಅಜ್ಜಿಯ ಹಾಡಿನ ಪುಸ್ತಕ. ತಂಗಿ ಇಸವಿ ಪ್ರಕಾರ ಹಾಕು ಅಂತಾಳೆ. ಅತ್ತಿಗೆ ಒಬ್ಬೊಬ್ಬರಿಗೆ ಎರಡೆರಡು ಪುಟ ಕೊಡು ಅಂತಾರೆ. ಎರಡೂ ಯಾಕೋ ಮನಸ್ಸಿಗೆ ಹಿಡಿಸುತ್ತಿಲ್ಲ. ಇಸವಿ ಪ್ರಕಾರ ಹೋದರೆ ಮದುವೆ, ನಾಮಕರಣ, ಮತ್ತೆ ಮದುವೆ, ಇಷ್ಟೇ ಆಗುತ್ತದೆ ಅಲ್ವಾ?

ನಮ್ಮ ಮೂಲ ಮನೆ ಇದ್ದ ಜಾಗ ಈಗ ಶರಾವತಿ ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆದಾಗ ಊರು ಮುಳುಗಿತು. ದೊಡ್ಡಪ್ಪ ಆಗ ಪ್ರೈಮರಿ ಶಾಲೆ ಹುಡುಗ. ಆ ಮನೆಯದು ಒಂದೇ ಒಂದು ಫೋಟೋ ಇದೆ. ಅಜ್ಜ ಜಗಲಿ ಮೇಲೆ ಕೂತಿದ್ದಾರೆ, ಹಿಂದೆ ಅರ್ಧ ಬಾಗಿಲು, ಅಂಚಿನಲ್ಲಿ ಯಾವುದೋ ಮಗುವಿನ ಕಾಲು. ಆ ಮನೆಯನ್ನೇ ಥೀಮ್ ಮಾಡುವ ಮನಸ್ಸಿದೆ. ಆದರೆ ಒಂದು ಫೋಟೋ ಇಟ್ಟುಕೊಂಡು ಇಡೀ ಪುಸ್ತಕ ಹೇಗೆ ತುಂಬಲಿ?

ಹೊಸನಗರದ ಟೀಚರ್:

ತಂಗೀ, ನಮ್ಮದೂ ಮುಳುಗಡೆ ಮನೆತನವೇ. ಒಂದೇ ಫೋಟೋ ಅಂತ ಬೇಜಾರು ಮಾಡಿಕೊಳ್ಳಬೇಡಿ. ಎಷ್ಟೋ ಮನೆಗಳಲ್ಲಿ ಅದೂ ಇಲ್ಲ. ನಿಮ್ಮ ಮನಸ್ಸು ಎಲ್ಲಿ ಹೋಗಿದೆಯೋ ಅದೇ ಸರಿಯಾದ ಥೀಮು. ಆ ಮನೆಯನ್ನೇ ಹಿಡಿಯಿರಿ, ಬೇರೆ ಯೋಚನೆ ಬೇಡ.

ಫೋಟೋ ಇಲ್ಲದ ಕಡೆ ನಕ್ಷೆ ಇಡಿ. ದೊಡ್ಡಪ್ಪನಿಗೆ ಒಂದು ಡ್ರಾಯಿಂಗ್ ಹಾಳೆ ಕೊಡಿ, ಅವರ ಅಕ್ಕನೋ ತಂಗಿಯೋ ಇದ್ದರೆ ಅವರಿಗೂ ಒಂದು. ಬೇರೆ ಬೇರೆ ಕೂರಿಸಿ ಮನೆ ಬಿಡಿಸಲು ಹೇಳಿ. ಜಗಲಿ, ಅಟ್ಟ, ಕೊಟ್ಟಿಗೆ, ಬಚ್ಚಲು, ಅಡಿಕೆ ಒಣಗಿಸುವ ಅಂಗಳ. ಆಮೇಲೆ ಎರಡೂ ಹಾಳೆ ಒಟ್ಟಿಗೆ ಇಡಿ. ನಮ್ಮ ಮನೆಯಲ್ಲಿ ಅಮ್ಮ ಅಬ್ಬಿ ನೀರಿನ ದಬ್ಬೆ (ಅಡಿಕೆ ಮರ ಸೀಳಿ ಮಾಡಿದ ನೀರಿನ ಕಾಲುವೆ) ಬಚ್ಚಲಿನ ಹಿಂದಿನಿಂದ ಬರುತ್ತಿತ್ತು ಅಂದರು, ಮಾವ ಕೊಟ್ಟಿಗೆ ಕಡೆಯಿಂದ ಅಂದರು. ಮಾತಿಗೆ ಮಾತು ಬೆಳೆಯಿತು. ಆ ಜಗಳದ ನಡುವೆಯೇ ಒಂದು ಸಂಗತಿ ಹೊರಬಂತು. ಮನೆ ಬಿಡುವ ದಿನ ನಮ್ಮ ಅಜ್ಜಿ ತುಳಸಿ ಕಟ್ಟೆಯ ಮಣ್ಣನ್ನು ಬುಟ್ಟಿಯಲ್ಲಿ ತುಂಬಿಕೊಂಡು, ಯಾರ ಕೈಗೂ ಕೊಡದೆ ತೊಡೆ ಮೇಲಿಟ್ಟುಕೊಂಡೇ ಲಾರಿಯಲ್ಲಿ ಬಂದರಂತೆ. ಅಲ್ಲಿಯವರೆಗೆ ನಮಗೆ ಯಾರೂ ಅದನ್ನು ಹೇಳಿರಲಿಲ್ಲ. ಎರಡೂ ನಕ್ಷೆ ಹಾಗೇ ಅಂಟಿಸಿ. ಯಾವುದು ಸರಿ ಅಂತ ತೀರ್ಮಾನ ಮಾಡಲು ಹೋಗಬೇಡಿ.

ಇನ್ನೊಂದು ಕೇಳಿ ನೋಡಿ. ಮುಳುಗಡೆಯಿಂದ ಎದ್ದು ಬಂದವರಲ್ಲಿ ಹಲವರು ಹಳೇ ಮನೆಯ ಬಾಗಿಲು, ಕಂಬ ಬಿಚ್ಚಿ ತಂದಿದ್ದರು. ಈಗಿನ ಮನೆಯ ಪ್ರಧಾನ ಬಾಗಿಲು ಅದೇ ಇದ್ದರೂ ಇರಬಹುದು. ಇದ್ದರೆ ಕೆತ್ತನೆಯ ಮೇಲೆ ತೆಳು ಹಾಳೆ ಹಿಡಿದು ಪೆನ್ಸಿಲ್ ಅಡ್ಡಡ್ಡ ಉಜ್ಜಿ. ಹೂವು, ಬಳ್ಳಿ ಎಲ್ಲಾ ಹಾಳೆಗೆ ಇಳಿಯುತ್ತದೆ. ಅದಕ್ಕೆ ಒಂದು ಇಡೀ ಪುಟ ಕೊಡಿ, ಪಕ್ಕದಲ್ಲಿ ಏನೂ ಹಾಕಬೇಡಿ. ಪರಿಹಾರದ ಕಾಗದ ಇದ್ದರೆ ಜೆರಾಕ್ಸ್ ಹಾಕಿ. ಹಿನ್ನೀರು ದಾಟಿ ಸಿಗಂದೂರು ದೇವಸ್ಥಾನಕ್ಕೆ ಹೋದಾಗಿನ ಲಾಂಚ್ ಟಿಕೆಟ್ ಟ್ರಂಕಿನಲ್ಲಿದ್ದರೆ ಅದೂ ಸೇರಲಿ. 2025ರ ಜುಲೈನಲ್ಲಿ ಸೇತುವೆ ಆಯಿತಲ್ಲ, ಮುಂದಿನ ಮಕ್ಕಳಿಗೆ ಆ ಟಿಕೆಟ್ ಏನು ಅಂತಲೂ ತಿಳಿಯುವುದಿಲ್ಲ.

ಗುಟ್ಟಾಗಿ ಮಾಡಿ ಅವತ್ತೇ ಕೊಡುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಮಾಡುವಾಗ ದೊಡ್ಡಪ್ಪ ಜೊತೆಗೆ ಕೂರಬೇಕು.

ಮೈಸೂರು ಗೊಂಬೆಮನೆ:

ನಾನು ಇಸವಿ ಬಿಟ್ಟು ಹಬ್ಬ ಹಿಡಿದೆ. ದಸರಾ ಗೊಂಬೆ ಕೂರಿಸಿದ ಫೋಟೋಗಳು ಮಾತ್ರ. ಅದೇ ಹಾಲ್, ಅದೇ ಮೂಲೆ, ಮೇಲಿನ ಮೆಟ್ಟಿಲಲ್ಲಿ ಅದೇ ಪಟ್ಟದ ಗೊಂಬೆ. ಮುಂದೆ ನಿಂತ ಮಕ್ಕಳು ಮಾತ್ರ ಪುಟದಿಂದ ಪುಟಕ್ಕೆ ಉದ್ದ ಆಗುತ್ತಾ ಹೋಗುತ್ತಾರೆ. ನಿಮ್ಮ ಕಲರ್ ಫೋಟೋಗಳಲ್ಲೂ ಒಂದೇ ಜಾಗ ಮತ್ತೆ ಮತ್ತೆ ಬಂದಿದೆಯಾ ನೋಡಿ. ಹೊಸ ಮನೆಯ ಜಗಲಿ ಇರಬಹುದು. ಹಳೇ ಜಗಲಿ ಪಕ್ಕದ ಪುಟದಲ್ಲಿ ಹೊಸ ಜಗಲಿ ಚೆನ್ನಾಗಿರುತ್ತದೆ.

ಹುಬ್ಬಳ್ಳಿ ಸ್ಟುಡಿಯೋ:

ಅಕ್ಕಾರೆ, ಥೀಮಿನ ಬಗ್ಗೆ ಟೀಚರ್ ಸರಿಯಾಗಿ ಹೇಳಿದ್ದಾರೆ. ನಾನು ಅಂಟಿಸುವ ವಿಷಯ ಹೇಳುತ್ತೇನೆ. ಅಜ್ಜನ ಆ ಫೋಟೋವನ್ನು ಮೊದಲು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಆಲ್ಬಮ್‌ಗೆ ಅದರ ಪ್ರಿಂಟ್ ಸಾಕು. ಮೂಲ ಫೋಟೋಗೆ ಕತ್ತರಿ, ಫೆವಿಕಾಲ್ ಎರಡೂ ಬೇಡ. ಹಾಕಲೇಬೇಕು ಅಂದರೆ ನಾಲ್ಕು ಮೂಲೆಗೆ ಫೋಟೋ ಕಾರ್ನರ್ ಹಾಕಿ, ಬೇಕಾದಾಗ ತೆಗೆಯಲು ಬರುತ್ತದೆ. ಹಿಂದುಗಡೆ ಹೆಸರು ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್‌ನಿಂದ, ಅಂಚಿನಲ್ಲಿ. ಬಾಲ್ ಪೆನ್ನಿನ ಗೀರು ಮುಂದಿನ ಕಡೆಗೆ ಉಬ್ಬುತ್ತದೆ.

ಕೆಂಪಾದ ಕಲರ್ ಫೋಟೋ ಬಿಸಾಡಬೇಡಿ. ಆ ಕಾಲದ ಪ್ರಿಂಟ್‌ಗಳಲ್ಲಿ ನೀಲಿ ಕಡೆಯ ಬಣ್ಣ ಮೊದಲು ಹೋಗುತ್ತದೆ, ಅದಕ್ಕೇ ಕೆಂಪು ಉಳಿಯುತ್ತದೆ. ಸ್ಕ್ಯಾನ್ ಮಾಡಿದ ಮೇಲೆ ಕಂಪ್ಯೂಟರಿನಲ್ಲಿ ತಕ್ಕಮಟ್ಟಿಗೆ ಸರಿ ಮಾಡಬಹುದು. ಮತ್ತೆ, ನಿಮ್ಮ ಕಡೆ ಮಳೆಗಾಲದಲ್ಲಿ ಈ ಕೆಲಸ ಬೇಡ. ಕಾಗದ ಥಂಡಿ ಹಿಡಿದಿರುತ್ತದೆ, ಹಾಗೇ ಮುಚ್ಚಿಟ್ಟರೆ ಬೂಷ್ಟು ಬರುತ್ತದೆ.

ಸಾಗರದ ಮೊಮ್ಮಗಳು:

ಟೀಚರ್, ನಕ್ಷೆಯ ವಿಷಯ ಓದಿ ಕೂಡಲೇ ಅತ್ತೆಗೆ ಫೋನ್ ಮಾಡಿದೆ. ಹಾಳೆ ತಗೊಂಡು ಬಾ, ನಿನ್ನ ದೊಡ್ಡಪ್ಪನಿಗೆ ಕೊಟ್ಟಿಗೆ ಎಲ್ಲಿತ್ತು ಅಂತಲೇ ನೆನಪಿರಲ್ಲ ಅಂದರು! ದೀಪಾವಳಿಗೆ ಎಲ್ಲರೂ ಊರಲ್ಲಿ ಸೇರುತ್ತೇವೆ, ಅವತ್ತೇ ಕೂರಿಸುತ್ತೇನೆ. ಬಾಗಿಲಿನ ವಿಷಯವನ್ನೂ ಕೇಳುತ್ತೇನೆ. ಅಜ್ಜಿಯ ಹಾಡಿನ ಪುಸ್ತಕದಿಂದ ಒಂದು ಹಾಳೆ ಬಿಡಿಸಿ ಹಾಕಬಹುದಾ?

ಹೊಸನಗರದ ಟೀಚರ್:

ಬೇಡ ಮಾರಾಯ್ತಿ. ಪುಸ್ತಕ ಪುಸ್ತಕವಾಗಿಯೇ ಇರಲಿ. ಒಂದು ಹಾಡಿನ ಪುಟ ಕಲರ್ ಜೆರಾಕ್ಸ್ ಮಾಡಿಸಿ, ಅಜ್ಜಿಯ ಅಕ್ಷರ ಕಂಡರೆ ಸಾಕು. ಆ ಹಾಡು ಗೊತ್ತಿರುವವರು ಮನೆಯಲ್ಲಿ ಇನ್ನೂ ಯಾರಾದರೂ ಇದ್ದರೆ, ದೀಪಾವಳಿಯಲ್ಲೇ ಹೇಳಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.