ಟಿಜೆ ಪ್ರವೇಶದ ಎಸ್ಸೆಗಳಿಗೆ ಮಗನನ್ನು ಹೇಗೆ ತಯಾರು ಮಾಡುವುದು?

ಆಶ್‌ಬರ್ನ್ ಅಮ್ಮ:
ನಮಸ್ಕಾರ. ಮಗ ಎಂಟನೇ ಕ್ಲಾಸು, ಅಮೆರಿಕದ ವರ್ಜೀನಿಯಾ ರಾಜ್ಯದ ಲೌಡನ್ ಕೌಂಟಿಯ ಸರ್ಕಾರಿ ಶಾಲೆ. ಥಾಮಸ್ ಜೆಫರ್ಸನ್ ಸೈನ್ಸ್ ಹೈಸ್ಕೂಲಿಗೆ (ಟಿಜೆ) ಅರ್ಜಿ ಹಾಕಬೇಕೆಂದು ಅವನಿಗೇ ಆಸೆ. ಗ್ರೇಡ್ ಚೆನ್ನಾಗಿದೆ. ನನಗೆ ಹೆದರಿಕೆ ಎಸ್ಸೆಗಳದ್ದು. ಹುಡುಗನಿಗೆ ಮಾತೇ ಕಮ್ಮಿ. ಬರೆಯೋಕೆ ಕೂರಿಸಿದರೆ "ನಾನು ಒಳ್ಳೆಯ ಟೀಂ ಪ್ಲೇಯರ್, ಕಷ್ಟಪಟ್ಟು ಕೆಲಸ ಮಾಡುತ್ತೇನೆ" ಅಂತ ಎರಡು ಸಾಲಿಗೆ ಮುಗಿಸುತ್ತಾನೆ. ಪದಕ, ಬಹುಮಾನ ಏನೂ ಇಲ್ಲ. ಬಿಡುವಾದಾಗ ಹಿತ್ತಲಲ್ಲಿ ಬಾಟಲಿ ಇಟ್ಟು ಮಳೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ, ಅಷ್ಟೇ. ಮಾದರಿ ಎಸ್ಸೆ ಬಾಯಿಪಾಠ ಮಾಡಿಸುವ ಕೋಚಿಂಗ್‌ಗೆ ಸೇರಿಸು ಅಂತ ಗೆಳತಿ ಹೇಳುತ್ತಿದ್ದಾರೆ. ಸೇರಿಸಲಾ?

ಫೇರ್‌ಫ್ಯಾಕ್ಸ್ ತಂದೆ:
ಹಳೆಯ ಪ್ರವೇಶ ಪರೀಕ್ಷೆಯನ್ನೂ 100 ಡಾಲರ್ ಶುಲ್ಕವನ್ನೂ 2020ರಲ್ಲೇ ತೆಗೆದರು. ಆಮೇಲೆ ಬಂದ ಪದ್ಧತಿಯಲ್ಲಿ ಸುಮಾರು 550 ಸೀಟು. ಪ್ರತಿ ಸರ್ಕಾರಿ ಮಿಡ್ಲ್ ಸ್ಕೂಲಿನ ಎಂಟನೇ ಕ್ಲಾಸಿನ ಶೇ. 1.5ರಷ್ಟು ಮಕ್ಕಳಿಗೆ ಮೊದಲು ಜಾಗ, ಉಳಿದ ಸೀಟಿಗೆ ಎಲ್ಲರ ನಡುವೆ ಸ್ಪರ್ಧೆ. ಜಿಪಿಎ (ಗ್ರೇಡ್‌ಗಳ ಸರಾಸರಿ) ಕನಿಷ್ಠ 3.5 ಇರಬೇಕು. ಈ ಪದ್ಧತಿಯ ಮೇಲೆ ಕೇಸೂ ನಡೆಯಿತು, 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ನಿಯಮ ಬದಲಾಗಬಹುದು, ಈ ವರ್ಷದ್ದನ್ನು ಫೇರ್‌ಫ್ಯಾಕ್ಸ್ ಕೌಂಟಿ ಶಾಲೆಗಳ ಟಿಜೆ ಅಡ್ಮಿಷನ್ಸ್ ಪುಟದಲ್ಲಿ ನೋಡಿಕೊಳ್ಳಿ.

ಟಿಜೆ ಹುಡುಗಿಯ ತಾಯಿ:
ಆ ಕೋಚಿಂಗ್ ಬೇಡ. ದಯವಿಟ್ಟು ಬೇಡ. ಮಕ್ಕಳು ಎಸ್ಸೆ ಬರೆಯುವುದು ಶಾಲೆಯಲ್ಲೇ, ಮೇಲ್ವಿಚಾರಕರ ಮುಂದೆ, ಗಡಿಯಾರ ಇಟ್ಟುಕೊಂಡು. ಪ್ರಶ್ನೆ ಗೊತ್ತಾಗುವುದೂ ಅಲ್ಲೇ. ಬಾಯಿಪಾಠ ಮಾಡಿದ್ದನ್ನು ಬೇರೆ ಪ್ರಶ್ನೆಗೆ ಅಂಟಿಸಿದರೆ ಓದುವವರಿಗೆ ತಕ್ಷಣ ತಿಳಿಯುತ್ತದೆ.

ನನ್ನ ಕಣ್ಣು ನಿಂತದ್ದು ನಿಮ್ಮ "ಅಷ್ಟೇ" ಅನ್ನುವ ಮಾತಿನ ಮೇಲೆ. ಮಳೆ ಅಳೆಯುವ ಹುಡುಗನಿಗೆ ಬರೆಯೋಕೆ ಏನೂ ಇಲ್ಲ ಅಂತ ಹೇಗೆ ಅಂದುಕೊಂಡಿರಿ? ಅಲ್ಲಿ ಬರೆಸುವುದರಲ್ಲಿ ಒಂದು ಸ್ಟೂಡೆಂಟ್ ಪೋರ್ಟ್ರೆಟ್ ಶೀಟ್, ಮಗು ತನ್ನ ಬಗ್ಗೆ ಬರೆಯುವ ಉತ್ತರಗಳು. ಅದರಲ್ಲಿ ಹುಡುಕುವುದು ಇಂಥದ್ದನ್ನೇ: ಮಗು ಹೇಗೆ ಯೋಚಿಸುತ್ತದೆ, ಎಡವಿದಾಗ ಏನು ಮಾಡುತ್ತದೆ, ಬೇರೆಯವರ ಜೊತೆ ಹೇಗೆ ಕೆಲಸ ಮಾಡುತ್ತದೆ. ಪದಕದ ಪಟ್ಟಿ ಅದನ್ನು ಹೇಳುವುದಿಲ್ಲ. ಇವತ್ತು ರಾತ್ರಿ ಊಟದ ಹೊತ್ತಿಗೆ ಸುಮ್ನೆ ಕೇಳಿ: ಅವನ ಲೆಕ್ಕಕ್ಕೂ ಹತ್ತಿರದ ಡಲಸ್ ಏರ್‌ಪೋರ್ಟಿನಲ್ಲಿ ಅಳೆದ ಮಳೆಯ ಲೆಕ್ಕಕ್ಕೂ ಎಂದಾದರೂ ವ್ಯತ್ಯಾಸ ಬಂದಿತ್ತಾ? ಬಂದಾಗ ಏನು ಮಾಡಿದ? ನೀವು ಬರೆದುಕೊಳ್ಳಬೇಡಿ, ತಿದ್ದಬೇಡಿ, ಕೇಳಿಸಿಕೊಳ್ಳಿ.

ಇನ್ನೊಂದು ಪ್ರಾಬ್ಲಂ ಸಾಲ್ವಿಂಗ್ ಎಸ್ಸೆ. ಗಣಿತ ಅಥವಾ ವಿಜ್ಞಾನದ ಸಮಸ್ಯೆ ಕೊಡುತ್ತಾರೆ. ಉತ್ತರಕ್ಕೆ ಹೇಗೆ ಬಂದೆ ಅನ್ನುವುದನ್ನು ಬಿಡಿಸಿ ಬರೆಯಬೇಕು. ಗಣಿತದಲ್ಲಿ ಚುರುಕಾದ ಮಕ್ಕಳೇ ಇಲ್ಲಿ ಜಾಸ್ತಿ ಕಷ್ಟಪಡುತ್ತಾರೆ, ಯಾಕೆಂದರೆ ತಲೆಯಲ್ಲೇ ಮೂರು ಹೆಜ್ಜೆ ದಾಟಿಬಿಡುತ್ತಾರೆ. ನಿಮ್ಮ ಮಗನಿಗೆ ಇದನ್ನು ಕೊಡಿ: ಒಂದು ಇಂಚು ಮಳೆ ಬಂದರೆ 1,000 ಚದರ ಅಡಿ ಮನೆಯ ಸೂರಿನಿಂದ ಎಷ್ಟು ಗ್ಯಾಲನ್ ನೀರು ಸಿಗುತ್ತದೆ? ಉತ್ತರ ಸುಮಾರು 620. ಅಲ್ಲಿಗೆ ನಿಲ್ಲಿಸಬೇಡಿ. ಇಂಚನ್ನು ಅಡಿಗೆ ಯಾಕೆ ಬದಲಿಸಿದೆ? ಸೂರು ಇಳಿಜಾರಾಗಿದ್ದರೆ ಹೆಂಚು ಹಾಸಿದಷ್ಟೂ ವಿಸ್ತೀರ್ಣ ತಗೋಬೇಕಾ, ಸೂರಿನ ಕೆಳಗಿರುವ ನೆಲದ್ದು ಸಾಕಾ? ಎರಡನೆಯದೇ ಸರಿ, ನೇರ ಸುರಿಯುವ ಮಳೆಗೆ ಕಾಣುವುದು ಅಷ್ಟೇ ಜಾಗ. ಆ "ಯಾಕೆ"ಗಳನ್ನು ಅವನು ಪೂರ್ತಿ ವಾಕ್ಯಗಳಲ್ಲಿ ಬರೆಯಲಿ. ಏನನ್ನು ಊಹಿಸಿಕೊಂಡೆ ಅಂತಲೂ ಹೇಳಲಿ. ಕೊನೆಗೆ ಬೇರೆ ದಾರಿಯಿಂದ ಒಮ್ಮೆ ಉತ್ತರ ಪರೀಕ್ಷಿಸಲಿ.

ಆಶ್‌ಬರ್ನ್ ಅಮ್ಮ:
ಕೇಳಿದೆ! ಇಷ್ಟು ಮಾತಾಡುತ್ತಾನೆ ಅಂತ ಗೊತ್ತೇ ಇರಲಿಲ್ಲ. ಮೊದಲು ಅವನ ಲೆಕ್ಕ ಯಾವಾಗಲೂ ಏರ್‌ಪೋರ್ಟಿನದಕ್ಕಿಂತ ಜಾಸ್ತಿ ಬರುತ್ತಿತ್ತಂತೆ. ಅಲ್ಲಿ ಮಳೆಯೇ ಕಮ್ಮಿ ಇರಬಹುದು ಅಂದುಕೊಂಡನಂತೆ. ಆಮೇಲೆ ಇನ್ನೊಂದು ಬಾಟಲಿ ತಂದು ಬಯಲಲ್ಲಿಟ್ಟ. ಎರಡಕ್ಕೂ ವ್ಯತ್ಯಾಸ ಬಂತು. ಹಳೆಯ ಬಾಟಲಿಗೆ ಸೂರಿನ ಅಂಚಿನಿಂದ ನೀರು ಸಿಡಿಯುತ್ತಿತ್ತು. ಇದನ್ನು ಹೀಗೇ ಬರೆಯಬಹುದಾ?

ಟಿಜೆ ಹುಡುಗಿಯ ತಾಯಿ:
ಹೀಗೇ. ಮೊದಲ ಊಹೆ ತಪ್ಪಾಗಿದ್ದನ್ನು ಮುಚ್ಚಬೇಡಿ ಅಂತ ಹೇಳಿ, ಎರಡನೇ ಬಾಟಲಿ ಇಡುವ ಯೋಚನೆ ಹುಟ್ಟಿದ್ದೇ ಅಲ್ಲಿಂದ ಅಲ್ವಾ. ಆದರೆ ಇದನ್ನೂ ಬಾಯಿಪಾಠ ಮಾಡಿಸಬೇಡಿ. ಇಂಥ ನಾಲ್ಕೈದು ಅನುಭವ ನೆನಪಿಸಿಕೊಳ್ಳಲಿ. ಒಂದಾದರೂ ಬೇರೆಯವರ ಜೊತೆ ಸೇರಿ ಮಾಡಿದ್ದಿರಲಿ, ಈ ಮಳೆಯ ಕೆಲಸ ಅವನೊಬ್ಬನದೇ. ಆಮೇಲೆ ನೀವು ದಿನಕ್ಕೊಂದು ಹೊಸ ಪ್ರಶ್ನೆ ಕೊಡಿ. ಯಾವ ಅನುಭವ ಹೊಂದುತ್ತದೆ ಅಂತ ಅವನೇ ಆರಿಸಿ, ಟೈಮರ್ ಇಟ್ಟುಕೊಂಡು ಬರೆಯಲಿ.