ನಿಂತು ನೀರು ಕುಡಿದರೆ ಮಂಡಿ ಹೋಗುತ್ತಾ ಡಾಕ್ಟ್ರೇ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನನ್ನ ಮಗ ಸ್ಕೂಲಿಂದ ಬಂದವನೇ ಫ್ರಿಜ್ ಮುಂದೆ ನಿಂತು ಗಟಗಟ ನೀರು ಕುಡಿಯುತ್ತಾನೆ. "ಕೂತ್ಕೊಂಡು ಕುಡಿಯೋ, ನೀರೆಲ್ಲ ಮಂಡಿಗೆ ಇಳಿಯುತ್ತೆ" ಅಂತ ನಮ್ಮ ಅತ್ತೆ ದಿನಾ ಬೈಯುತ್ತಾರೆ. ಕಿಡ್ನಿಗೂ ತೊಂದರೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜಾನಾ?

ಉತ್ತರ: ನಮಸ್ತೆ ಅಮ್ಮಾ. ಹೊಟ್ಟೆಯಿಂದ ಮಂಡಿಗೆ ನೀರು ಇಳಿಯುವ ದಾರಿಯೇ ಇಲ್ಲ. ಅನ್ನನಾಳ ಅಂದರೆ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ನಿಂತರೂ ಕೂತರೂ ಅದು ಹಿಂಡಿ ಹಿಂಡಿ ನೀರನ್ನು ಹೊಟ್ಟೆಗೆ ತಳ್ಳುತ್ತದೆ. ನೀರು ಹೆಚ್ಚಾಗಿ ಸಣ್ಣ ಕರುಳಲ್ಲಿ ರಕ್ತಕ್ಕೆ ಸೇರುತ್ತದೆ. ಕಿಡ್ನಿಗೆ ಬರುವುದು ಆಮೇಲೆ, ರಕ್ತದ ಜೊತೆ. ಎರಡೂ ಕಿಡ್ನಿ ಸೇರಿ ದಿನಕ್ಕೆ ರಕ್ತದಿಂದ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ನಿಮ್ಮ ಮಗನ ಒಂದು ಲೋಟಕ್ಕೆ ಅವು ಹೆದರುವುದಿಲ್ಲ.

ಗಟಗಟ ಕುಡಿಯುವುದು ಮಾತ್ರ ಬೇಡ. ಗಾಳಿಯೂ ಒಳಗೆ ಹೋಗಿ ಹೊಟ್ಟೆ ಉಬ್ಬುತ್ತದೆ, ತೇಗು ಬರುತ್ತದೆ. ಎಂಜಲಾಗಬಾರದು ಅಂತ ತಲೆ ಹಿಂದಕ್ಕೆ ಹಾಕಿ ಎತ್ತಿ ಕುಡಿಯುವಾಗ ನೆತ್ತಿಗೇರುತ್ತದಲ್ಲ, ಆಗ ಯಾರೂ ನಿಮ್ಮನ್ನು ನೆನೆಸಿಕೊಂಡಿರುವುದಿಲ್ಲ. ನೀರು ಗಾಳಿಕೊಳವೆ ಕಡೆ ನುಗ್ಗಿರುತ್ತದೆ, ಅಷ್ಟೇ.

ಇನ್ನೊಬ್ಬರು: ಸರ್, ನಮ್ಮ ಮಾವನವರಿಗೆ ಸ್ಟ್ರೋಕ್ ಆಗಿ ಎರಡು ತಿಂಗಳು. ಮಲಗಿದಲ್ಲೇ ಚಮಚದಲ್ಲಿ ನೀರು ಹಾಕುತ್ತೇವೆ. ಪ್ರತಿ ಸಲ ಕೆಮ್ಮುತ್ತಾರೆ.

ಉತ್ತರ: ಮಲಗಿಸಿ ಕೊಡುವುದನ್ನು ಈಗಲೇ ನಿಲ್ಲಿಸಿ. ನಿಂತು ಕುಡಿಯುವವರಿಗಿಂತ ನನಗೆ ಭಯ ಇಂಥವರದ್ದೇ. ಸ್ಟ್ರೋಕ್ ಆದವರಲ್ಲಿ ನುಂಗುವಾಗ ಗಾಳಿಕೊಳವೆ ಮುಚ್ಚುವುದು ತಡವಾಗಬಹುದು. ನೀರು ತೆಳುವಲ್ವಾ, ಗಂಜಿಗಿಂತ ಬೇಗ ಜಾರುತ್ತದೆ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ನುಂಗುವುದನ್ನು ಪರೀಕ್ಷೆ ಮಾಡಿಸಬೇಕು. ಸ್ಪೀಚ್ ಥೆರಪಿಸ್ಟ್ ಮಾಡುತ್ತಾರೆ, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೂ ನೋಡುತ್ತಾರೆ. ಕೆಲವರಿಗೆ ನೀರನ್ನು ಗಂಜಿಯ ಹಾಗೆ ಮಂದ ಮಾಡಿ ಕೊಡಬೇಕಾಗುತ್ತದೆ. ಬಾಯಿಗೆ ಕೊಡಬಹುದು ಅಂತ ಅವರು ಹೇಳಿದ ಮೇಲೂ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ. ತಲೆ ಹಿಂದಕ್ಕೆ ವಾಲಬಾರದು. ಒಂದು ಗುಟುಕು ನುಂಗಿದ ಮೇಲೇ ಇನ್ನೊಂದು. ಕುಡಿಸಿದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಕೆಮ್ಮದಿದ್ದರೂ ದನಿ ಗೊರಗೊರ ಅಂದರೆ ನಿಲ್ಲಿಸಿ.

ಮತ್ತೊಬ್ಬರು: ರಾತ್ರಿ ಮಾತ್ರೆ ನುಂಗಿ ತಕ್ಷಣ ಮಲಗಬಹುದಾ?

ಉತ್ತರ: ಬೇಡ. ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯೋಟಿಕ್‌ನಂಥ ಮಾತ್ರೆ ಅನ್ನನಾಳಕ್ಕೆ ಅಂಟಿಕೊಂಡರೆ ಹುಣ್ಣಾಗುತ್ತದೆ. ಲೋಟದ ತುಂಬ ನೀರು ಕುಡಿದು ಅರ್ಧ ಗಂಟೆ ಕೂತಿರಿ.

ಮೊದಲ ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಡಾಕ್ಟ್ರೇ, ಅತ್ತೆಗೆ ಓದಿ ಹೇಳಿದೆ. "ಅವರು ನನ್ನ ಮಂಡಿ ನೋಡಿಲ್ಲ, ಅದಕ್ಕೇ ಹಾಗಂತಾರೆ" ಅಂದರು.