ತಾತನ ಜಾಗ್ವಾರ್‌ನ ಒಳಮೈ ಮೊದಲಿನಂತೆ ಮಾಡಿಸಬೇಕು: ಮಾಡಿ ನೋಡಿದವರ ಅನುಭವ

ಕೇಳಿದವರು, ಪೊನ್ನಂಪೇಟೆ ಕಡೆಯಿಂದ

ನಮ್ಮ ತಾತ 1968ರಲ್ಲಿ ಮದ್ರಾಸಿನಿಂದ ಸೆಕೆಂಡ್ ಹ್ಯಾಂಡ್ ತಂದ ಕಾರು. ಜಾಗ್ವಾರ್ ಮಾರ್ಕ್ 2, 3.4 ಲೀಟರ್, 1962ರ ಮಾಡೆಲ್. ಇಪ್ಪತ್ತು ವರ್ಷದಿಂದ ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆ ಪಕ್ಕದ ಶೆಡ್ಡಿನಲ್ಲಿ ನಿಂತಿತ್ತು. ಎಂಜಿನ್ ಕೆಲಸ ಮುಗಿಸಿದ್ದೇವೆ, ಈಗ ಓಡುತ್ತದೆ. ಆದರೆ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಸೀಟಿನ ಚರ್ಮ ಬಿರಿದಿದೆ. ಡ್ಯಾಶ್‌ಬೋರ್ಡಿನ ಮರದ ಪಾಲಿಶ್ ಎದ್ದು ಬರುತ್ತಿದೆ. ಚಾವಣಿಯ ಒಳಬಟ್ಟೆ ಒಂದು ಕಡೆ ಜೋತುಬಿದ್ದಿದೆ. ಪೇಟೆಯ ಕುಶನ್ ಅಂಗಡಿಯವರು "ಎಲ್ಲ ಕಿತ್ತು ಹೊಸ ರೆಕ್ಸಿನ್ ಹಾಕಿಕೊಡ್ತೀವಿ, ಹತ್ತು ದಿನ ಸಾಕು" ಅಂತಾರೆ. ನನಗೆ ತಾತ ಓಡಿಸುತ್ತಿದ್ದಾಗ ಹೇಗಿತ್ತೋ ಹಾಗೇ ಬೇಕು. ಎಲ್ಲಿಂದ ಶುರು ಮಾಡಲಿ?

ಸುಂಟಿಕೊಪ್ಪದಿಂದ

ಆ ಹತ್ತು ದಿನದ ಕೆಲಸಕ್ಕೆ ದಯವಿಟ್ಟು ಒಪ್ಪಬೇಡಿ. ನಮ್ಮದೂ ಮಾರ್ಕ್ 2, 1960ರದ್ದು. ಒಳಗಿನ ಕೆಲಸಕ್ಕೆ ಮೂರು ಬೇಸಿಗೆ ಹಿಡಿಯಿತು. ಅದರಲ್ಲಿ ಒಂದು ಬೇಸಿಗೆ ಒಂದೇ ಒಂದು ತಪ್ಪಿನಿಂದ ಹೋಯಿತು. ಮುಂದಿನ ಸೀಟುಗಳನ್ನು ಬಿಚ್ಚಿ ಒಂದು ವರ್ಕ್‌ಶಾಪಿಗೆ ಕೊಟ್ಟಿದ್ದೆ. ಹಳೆಯ ಕವರ್ ವಾಪಸ್ ಬೇಕು ಅಂತ ಹೇಳಿರಲಿಲ್ಲ. ಅವರು ಕಸದ ಜೊತೆ ಸುಟ್ಟುಬಿಟ್ಟರು. ಆ ಹರಿದ ಚರ್ಮದಲ್ಲೇ ಎಲ್ಲ ಅಳತೆ ಇತ್ತು. ಎಷ್ಟು ಮಡಿಕೆ, ಒಂದೊಂದು ಎಷ್ಟು ಅಗಲ, ಅಂಚಿನ ಉಬ್ಬು ಪಟ್ಟಿ (ಪೈಪಿಂಗ್) ಎಷ್ಟು ದಪ್ಪ, ಹೊಲಿಗೆ ಎಲ್ಲಿ ತಿರುಗುತ್ತದೆ, ಎಲ್ಲ. ಕೊನೆಗೆ ಬೇರೆ ಊರಿಗೆ ಹೋಗಿ, ಇನ್ನೊಬ್ಬರ ಕಾರಿನ ಸೀಟಿನ ಮೇಲೆ ಪೇಪರ್ ಹಾಸಿ ನಕಲು ಮಾಡಿಕೊಂಡು ಬಂದೆ. ಹಾಗಾಗಿ ಎಷ್ಟೇ ಕೊಳೆತಿರಲಿ, ಒಂದು ತುಂಡನ್ನೂ ಬಿಸಾಡಬೇಡಿ. ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಬಿಚ್ಚಿದ ಸ್ಕ್ರೂ, ಕ್ಲಿಪ್ಪುಗಳನ್ನು ಬೇರೆ ಬೇರೆ ಕವರಿಗೆ ಹಾಕಿ, ಯಾವ ಬಾಗಿಲಿನದು ಅಂತ ಮೇಲೆ ಬರೆಯಿರಿ.

ಆಮೇಲೆ ಒಣಗಿಸುವ ಕೆಲಸ. ನಮ್ಮ ಊರಲ್ಲಿ ಕಾರಿನ ಒಳಮೈಯನ್ನು ಹಾಳು ಮಾಡುವುದು ಬಳಕೆ ಅಲ್ಲ, ಥಂಡಿ, ಅಂದರೆ ತೇವ. ಕಾರ್ಪೆಟ್ ತೆಗೆದು ನೋಡಿ. ಕೆಳಗೆ ಸೆಣಬಿನಂಥ ದಪ್ಪ ಫೆಲ್ಟ್ ಇರುತ್ತದೆ, ಅದು ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ತಗಡು ತುಕ್ಕು ತಿನ್ನುತ್ತಿರುತ್ತದೆ. ನಾನು ಕಾರ್ಪೆಟ್, ಫೆಲ್ಟ್ ಎರಡನ್ನೂ ಕಾಫಿ ಕಣದಲ್ಲಿ ಹರಡಿ ಒಣಗಿಸಿದೆ. ಚರ್ಮ ಮತ್ತು ಮರವನ್ನು ಮಾತ್ರ ಬಿಸಿಲಿಗೆ ಇಡಬೇಡಿ, ನೆರಳಲ್ಲಿ ಗಾಳಿ ಆಡಲಿ. ನೀರು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡದೆ ಹೊಸದೇನನ್ನೂ ಹಾಕಿಸಬೇಡಿ. ಸಾಮಾನ್ಯವಾಗಿ ಮುಂದಿನ ಗಾಜಿನ ರಬ್ಬರ್, ಬಾಗಿಲಿನ ಅಡಿಯ ಮುಚ್ಚಿಹೋದ ತೂತುಗಳು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು, ಇನ್ನೊಬ್ಬರು ಹೊರಗಿಂದ ಪೈಪಿನಲ್ಲಿ ನೀರು ಬಿಡಬೇಕು. ಅರ್ಧ ಗಂಟೆಯ ಕೆಲಸ.

ಬಣ್ಣದ ವಿಷಯ. ಈಗ ಕಾಣುವ ಬಣ್ಣವನ್ನು ನಂಬಬೇಡಿ. ಅರವತ್ತು ವರ್ಷದಲ್ಲಿ ಯಾರೋ ಒಬ್ಬರು ಬಣ್ಣ ಬಳಿದೇ ಇರುತ್ತಾರೆ. ಹಿಂದಿನ ಸೀಟಿನ ಕುಶನ್ ಎತ್ತಿ, ಚರ್ಮ ಒಳಕ್ಕೆ ಮಡಚಿದ ಅಂಚನ್ನು ನೋಡಿ. ಅಲ್ಲಿಗೆ ಬಿಸಿಲೂ ಬೀಳುವುದಿಲ್ಲ, ಬ್ರಷ್ಷೂ ಹೋಗುವುದಿಲ್ಲ. ಬ್ರಿಟನ್ನಿನ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟಿಗೆ ಚಾಸಿ ನಂಬರ್ ಮತ್ತು ಮಾಲೀಕತ್ವದ ದಾಖಲೆ ಕಳಿಸಿ ಶುಲ್ಕ ಕಟ್ಟಿದರೆ ಸರ್ಟಿಫಿಕೇಟ್ ಕೊಡುತ್ತಾರೆ. ಕಾರು ಫ್ಯಾಕ್ಟರಿಯಿಂದ ಹೊರಟಾಗ ಹೊರಬಣ್ಣ ಯಾವುದು, ಒಳಗಿನ ಬಣ್ಣ ಯಾವುದು ಅಂತ ಅದರಲ್ಲಿ ಇರುತ್ತದೆ. ಇವೆರಡೂ ಹೊಂದಿದರೆ ಧೈರ್ಯವಾಗಿ ಮುಂದುವರಿಯಿರಿ.

ಇನ್ನೊಂದು ವಿಷಯ, ಇದು ತುಂಬ ಜನರಿಗೆ ಗೊತ್ತಿಲ್ಲ. ಈ ಕಾರಿನಲ್ಲಿ ಎಲ್ಲ ಕಡೆಯೂ ಚರ್ಮ ಇರಲಿಲ್ಲ. ಮೈ ತಾಗುವ ಜಾಗಕ್ಕೆ ಚರ್ಮ, ಸೀಟಿನ ಪಕ್ಕ, ಬೆನ್ನು ಮುಂತಾದ ಕಡೆ ಚರ್ಮದಂತೆ ಕಾಣುವ ಬಟ್ಟೆ. "ಇಡೀ ಕಾರಿಗೆ ಅಸಲಿ ಲೆದರ್ ಹಾಕ್ತೀವಿ" ಅಂತ ಯಾರಾದರೂ ಹೇಳಿದರೆ ಅದು ಹೆಚ್ಚು ದುಡ್ಡಿನ ಕೆಲಸ ಆಗಬಹುದು, ಒರಿಜಿನಲ್ ಅಲ್ಲ. ನಿಮ್ಮದು 1962ರದ್ದಾದ್ದರಿಂದ ಚರ್ಮ ಇದ್ದೇ ಇರಬೇಕು. ಕೊನೆಯ ಕಾಲದ ಮಾರ್ಕ್ 2ಗಳಿಗೆ ಕಂಪನಿಯೇ ಖರ್ಚು ಉಳಿಸಲು ಆಂಬ್ಲಾ ಅನ್ನುವ ಪ್ಲಾಸ್ಟಿಕ್ ಹೊದಿಕೆ ಹಾಕಿತ್ತು.

ಹಳೆಯ ಚರ್ಮ ಉಳಿಯುತ್ತದೆಯೇ ಅಂತ ತಿಳಿಯಲು ಕಾಣದ ಒಂದು ಮೂಲೆಯನ್ನು ಬೆರಳಲ್ಲಿ ಮಡಚಿ ನೋಡಿ. ಹಪ್ಪಳದ ಹಾಗೆ ಮುರಿದರೆ ಉಳಿಯುವುದಿಲ್ಲ. ಬಗ್ಗಿ ಮತ್ತೆ ನೇರವಾದರೆ ಉಳಿಸಬಹುದು. ಬೂಷ್ಟನ್ನು ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮೆತ್ತನೆ ಬ್ರಷ್ಷಿನಲ್ಲಿ ತೆಗೆಯಿರಿ. ಆಮೇಲೆ ಮೃದುವಾದ ಶಾಂಪೂವಿನ ನೊರೆ ಮಾತ್ರ ಬಳಸಿ, ಬಿಳಿ ಹತ್ತಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಒಗೆಯುವ ಪುಡಿ, ಸೋಡಾ ಬೇಡವೇ ಬೇಡ, ಕ್ಷಾರ ಚರ್ಮವನ್ನು ಕೆಡಿಸುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ. ಎರಡು ದಿನ ಚೆನ್ನಾಗಿ ಹೊಳೆಯುತ್ತದೆ, ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಅದರ ಮೇಲೇ ಬೂಷ್ಟು ಬೆಳೆಯುತ್ತದೆ. ಬಿರುಕಿನ ಹಿಂದೆ ತೆಳು ಬಟ್ಟೆಯ ತೇಪೆ ಅಂಟಿಸಿ, ಮುಂದಿನಿಂದ ಚರ್ಮದ ಫಿಲ್ಲರ್ ತುಂಬಿ, ಬಣ್ಣ ಹೊಂದಿಸಿ ಬಳಿಯಬಹುದು. ನಮ್ಮ ಹಿಂದಿನ ಸೀಟು ಹಾಗೇ ಉಳಿಯಿತು. ಸ್ವಲ್ಪ ಸುಕ್ಕು ಕಾಣುತ್ತದೆ. ಅದು ನನಗೆ ಹೊಸ ಸೀಟಿಗಿಂತ ಇಷ್ಟ.

ಸೀಟಿನ ಒಳಗಿನದು ಲೇಟೆಕ್ಸ್ ಫೋಮ್. ನಮ್ಮದರಲ್ಲಿ ಅದು ಹಳದಿ ಪುಡಿಯಾಗಿ ಕೆಳಗೆ ಉದುರಿತ್ತು. ಆ ಜಾಗಕ್ಕೆ ಮಾಮೂಲಿ ಸ್ಪಂಜು ಹಾಕಿಸಬೇಡಿ. ಒಂದೇ ವರ್ಷದಲ್ಲಿ ಕೂತುಬಿಡುತ್ತದೆ, ಮಡಿಕೆಗಳು ಚಪ್ಪಟೆಯಾಗುತ್ತವೆ. ಹಾಸಿಗೆಗೆ ಬಳಸುವ ನ್ಯಾಚುರಲ್ ಲೇಟೆಕ್ಸ್ ಶೀಟ್ ಸಿಗುತ್ತದೆ, ಅದನ್ನು ಕತ್ತರಿಸಿ ಪದರ ಪದರವಾಗಿ ಅಂಟಿಸಿದೆವು.

ಮರದ ಕೆಲಸದಲ್ಲೇ ನಾನು ಜಾಸ್ತಿ ಹೊತ್ತು ಕಳೆದದ್ದು. ಡ್ಯಾಶ್‌ಬೋರ್ಡು, ಬಾಗಿಲಿನ ಮೇಲಂಚು, ಮುಂದಿನ ಸೀಟಿನ ಬೆನ್ನಿಗಿರುವ ಮಡಚುವ ಪುಟ್ಟ ಟೇಬಲ್ಲು, ಎಲ್ಲ ವಾಲ್‌ನಟ್ ವೆನೀರು. ಅಂದರೆ ಮರದ ಮೇಲೆ ಅಂಟಿಸಿದ ತೆಳ್ಳನೆಯ ಹಾಳೆ. ಮರಳು ಕಾಗದ ಹಿಡಿದು ಉಜ್ಜಲು ಹೋದರೆ ಕ್ಷಣದಲ್ಲಿ ಹಾಳೆ ಸವೆದು ಅಡಿಯ ಮರ ಬಂದುಬಿಡುತ್ತದೆ. ಹಳೆಯ ಪಾಲಿಶನ್ನು ಪೇಂಟ್ ರಿಮೂವರ್ ಹಚ್ಚಿ, ಪ್ಲಾಸ್ಟಿಕ್ ಪಟ್ಟಿಯಲ್ಲಿ ನಿಧಾನ ಕೆರೆದು ತೆಗೆಯಬೇಕು. ಎದ್ದ ಹಾಳೆಯ ಅಡಿಗೆ ಸಿರಿಂಜಿನಲ್ಲಿ ಅಂಟು ಬಿಟ್ಟು, ಮೇಲೆ ಮೇಣದ ಕಾಗದ ಇಟ್ಟು, ಭಾರ ಹೇರಿ ಒಂದು ರಾತ್ರಿ ಬಿಡಿ. ಡ್ಯಾಶ್‌ಬೋರ್ಡು ಬಿಚ್ಚುವ ಮೊದಲು ಬ್ಯಾಟರಿ ಕಳಚಿರಬೇಕು. ನಡುವಿನ ಕಪ್ಪು ಪ್ಯಾನೆಲ್ಲು ಎರಡು ಸ್ಕ್ರೂ ಸಡಿಲಿಸಿದರೆ ಮುಂದಕ್ಕೆ ಬಾಗಿ ಬರುತ್ತದೆ, ಅದರ ಹಿಂದೆ ಫ್ಯೂಸ್, ವೈರು ಎಲ್ಲ ಇವೆ.

ನಮ್ಮ ಬಡಗಿ "ತೋಟದ ಬೀಟೆ ಇದೆಯಲ್ಲಾ, ಅದರಲ್ಲೇ ಹೊಸದಾಗಿ ಮಾಡಿಬಿಡೋಣ" ಅಂದರು. ಬೀಟೆ ಚೆಂದವೇ, ಯಾರೂ ಅಲ್ಲ ಅನ್ನುವುದಿಲ್ಲ. ಆದರೆ ಆ ಕಾರಿನ ಮರ ಅಲ್ಲ ಅದು. ಜೇನು ಬಣ್ಣದ ವಾಲ್‌ನಟ್ಟಿನ ಜಾಗದಲ್ಲಿ ಕಪ್ಪು ಗೆರೆಯ ಬೀಟೆ ಕೂತರೆ ಕಾರಿನ ಮುಖವೇ ಬದಲಾಗುತ್ತದೆ. ಮೆಲಮೈನ್ ಪಾಲಿಶ್ ಕೂಡ ಬೇಡ ಅಂದೆ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಅನ್ನುವ ಪಾಲಿಶನ್ನು ತೆಳುವಾಗಿ ಹತ್ತು ಹದಿನೈದು ಕೋಟ್ ಹೊಡೆದು, ನಡುನಡುವೆ ಒಣಗಲು ಬಿಟ್ಟು, ಕೊನೆಗೆ ನೀರು ಹಾಕಿ 1200 ನಂಬರಿನ ಕಾಗದದಲ್ಲಿ ಉಜ್ಜಿ ಪಾಲಿಶ್ ಮಾಡಿದರೆ ಆ ಕಾಲದ ಹೊಳಪಿಗೆ ಹತ್ತಿರ ಬರುತ್ತದೆ. ಆದರೆ ಇದನ್ನು ಮಳೆಗಾಲದಲ್ಲಿ ಮಾಡಲೇಬೇಡಿ. ಮೊದಲ ಸಲ ನಾವು ಜುಲೈನಲ್ಲಿ ಹೊಡೆದೆವು. ಕಣ್ಣೆದುರೇ ಬೆಳ್ಳಗೆ ಮಂಜು ಕವಿದ ಹಾಗಾಯಿತು. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ, ಅದೇ ಕಾರಣ. ಎಲ್ಲ ತೆಗೆದು, ಪುತ್ತರಿ (ಸುಗ್ಗಿ ಹಬ್ಬ) ಕಳೆದು, ಜನವರಿಯಲ್ಲಿ ಮತ್ತೆ ಹೊಡೆದೆವು. ಗಾಜಿನ ಹಾಗೆ ಬಂತು.

ಚಾವಣಿಯ ಒಳಬಟ್ಟೆ ಉಣ್ಣೆಯದು. ನುಸಿ ತಿಂದಿದ್ದರೆ ಬದಲಾಯಿಸಲೇಬೇಕು. ಬರೀ ಜೋತಿದ್ದರೆ ಎಳೆಯಬೇಡಿ, ತಿಳಿದವರಿಂದ ಅಂಚು ಬಿಡಿಸಿ ಮತ್ತೆ ಅಂಟಿಸಿ.

ಮೈಸೂರಿನಿಂದ, ಸೀಟು ಹೊಲಿಯುವವರು

ನಾನು ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಸುಂಟಿಕೊಪ್ಪದ ಅಣ್ಣ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಹಳೆ ಕಾರು ಬಂದಾಗ ಚರ್ಮ ಹರಿದಿದೆ ಅಂತಾರೆ. ಹತ್ತಿರದಿಂದ ನೋಡಿದರೆ ಬಹಳ ಸಲ ಹರಿದಿರುವುದು ನೂಲು, ಚರ್ಮ ಅಲ್ಲ. ಹತ್ತಿ ನೂಲು ಥಂಡಿಗೆ ಕೊಳೆತು ಹೋಗಿರುತ್ತದೆ. ಹೊಲಿಗೆ ಬಾಯಿ ಬಿಟ್ಟಿದ್ದರೆ ಆ ಕವರನ್ನು ಮಿಷನ್ನಿಗೆ ಕೊಡಬಾರದು. ಮಿಷನ್ ಸೂಜಿ ಹಳೆಯ ತೂತಿನ ಪಕ್ಕದಲ್ಲಿ ಹೊಸ ತೂತು ಹೊಡೆಯುತ್ತದೆ. ಎರಡು ಸಾಲು ತೂತಾದರೆ ಅಂಚೆಚೀಟಿ ಹರಿದ ಹಾಗೆ ಚರ್ಮ ಹರಿಯುತ್ತದೆ.

ನಾನು ಮಾಡುವುದು ಹೀಗೆ. ಕೊಳೆತ ನೂಲನ್ನು ಒಂದೊಂದೇ ತುಂಡಾಗಿ ಚಿಮುಟದಲ್ಲಿ ಎಳೆದು ತೆಗೆಯುತ್ತೇನೆ. ತೂತು ಹಾಗೇ ಉಳಿಯುತ್ತದೆ. ಬಾಂಡೆಡ್ ನೈಲಾನ್ ಅನ್ನುವ ಗಟ್ಟಿ ನೂಲಿಗೆ ಎರಡೂ ತುದಿಯಲ್ಲಿ ಮೊಂಡು ಸೂಜಿ. ಒಂದು ಸೂಜಿ ಆಚೆಯಿಂದ, ಒಂದು ಈಚೆಯಿಂದ, ಅದೇ ಹಳೆಯ ತೂತಿನಲ್ಲಿ. ಜಾಸ್ತಿ ಬಿಗಿಯಬಾರದು, ಎರಡು ಅಂಚು ಮುಟ್ಟಿದರೆ ಸಾಕು. ಒಂದು ಸೀಟಿಗೆ ನಾಲ್ಕೈದು ದಿನ ಹಿಡಿಯುತ್ತದೆ. ಆದರೆ ಫ್ಯಾಕ್ಟರಿ ಹೊಲಿಗೆಯ ಜಾಗ ಒಂದು ಕೂದಲಷ್ಟೂ ಆಚೀಚೆ ಆಗುವುದಿಲ್ಲ.

ಹೊಸ ಚರ್ಮವೇ ಬೇಕಾದರೆ ತಮಿಳುನಾಡಿನ ರಾಣಿಪೇಟೆ, ಆಂಬೂರು ಕಡೆಯ ತೊಗಲು ನೋಡಿ. ಒಂದೇ ಬಾರಿ, ಒಂದೇ ಲಾಟಿನಲ್ಲಿ ತೆಗೆದುಕೊಳ್ಳಿ. ಆಮೇಲೆ ಒಂದು ತುಂಡು ಕಡಿಮೆ ಬಿದ್ದರೆ ಅದೇ ಬಣ್ಣ ಮತ್ತೆ ಸಿಗುವುದಿಲ್ಲ. ಮತ್ತೆ, ಅಕ್ಕ, ನಿಮ್ಮ ಕುಶನ್ ಅಂಗಡಿಯವರ ಮೇಲೆ ಬೇಸರ ಬೇಡ. ದಿನಾ ಜೀಪು, ಪಿಕಪ್ ಸೀಟು ಮಾಡುವವರಿಗೆ ಇಂಥ ಕಾರು ಸಿಗುವುದೇ ಅಪರೂಪ.

ಮಡಿಕೇರಿಯಿಂದ

ನಮ್ಮದು ಜಾಗ್ವಾರ್ ಅಲ್ಲ, ಅಪ್ಪನ ಬೆಂಜ್. 1979ರ ಡಬ್ಲ್ಯೂ 123 ಮಾಡೆಲ್. ಎಲ್ಲರೂ "ಲೆದರ್ ಹಾಕಿಸಿ" ಅಂತ ಒತ್ತಾಯ ಮಾಡಿದರು. ಡೇಟಾ ಕಾರ್ಡ್, ಅಂದರೆ ಆ ಕಾರಿನ ಫ್ಯಾಕ್ಟರಿ ದಾಖಲೆ, ತೆಗೆಸಿ ನೋಡಿದರೆ ನಮ್ಮ ಕಾರಿಗೆ ಫ್ಯಾಕ್ಟರಿಯಲ್ಲಿ ಹಾಕಿದ್ದು ಎಂಬಿ-ಟೆಕ್ಸ್, ಅಂದರೆ ವಿನೈಲ್. ಅದನ್ನು ತೊಳೆದೆವು, ಅಷ್ಟೇ. ನಲವತ್ತು ವರ್ಷದ ಕೊಳೆ ಹೋಗಿ ಹೊಸದರಂತೆ ಬಂತು. ಸೀಟಿನ ಒಳಗಿನ ಮೆತ್ತೆ ಮಾತ್ರ ಪುಡಿಯಾಗಿತ್ತು. ಅದು ನಾರಿಗೆ ರಬ್ಬರ್ ಹಾಲು ಸೇರಿಸಿ ಮಾಡಿದ್ದು. ನಮ್ಮಲ್ಲಿ ಹಾಸಿಗೆಗೆ ಬರುವ ರಬ್ಬರೈಸ್ಡ್ ತೆಂಗಿನ ನಾರಿನ ಶೀಟು ಇದೆಯಲ್ಲಾ, ಹೆಚ್ಚುಕಮ್ಮಿ ಅದೇ. ಅದನ್ನೇ ಅಳತೆಗೆ ಕತ್ತರಿಸಿ ಕೂರಿಸಿದರು. ಕೂತಾಗ ಸಿಗುವ ಆ ಗಟ್ಟಿತನ ವಾಪಸ್ ಬಂತು.

ಕೆಲಸ ಮುಗಿದ ಮೇಲೆ ಮಳೆಗಾಲದಲ್ಲಿ ಹೇಗೆ ಇಡುತ್ತೀರಿ ಅಂತಲೂ ಈಗಲೇ ಯೋಚಿಸಿ. ಅಮ್ಮ ಬೀರುವಿನೊಳಗೆ ಬಲ್ಬ್ ಉರಿಸಿ ರೇಷ್ಮೆ ಸೀರೆ ಕಾಪಾಡುತ್ತಿದ್ದರು. ನಾವು ಶೆಡ್ಡಿನ ಬಾಗಿಲು, ಕಿಟಕಿ ಭದ್ರ ಮಾಡಿ, ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇಟ್ಟಿದ್ದೇವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ದಿನಾ ಅದರ ಡಬ್ಬಿಯಿಂದ ನೀರು ಚೆಲ್ಲುತ್ತೇವೆ. ಪ್ಲಾಸ್ಟಿಕ್ ಟಾರ್ಪಲ್ ಹೊದಿಸಬೇಡಿ, ಒಳಗೆ ಬೆವರುತ್ತದೆ. ಹತ್ತಿ ಬಟ್ಟೆಯ ಹೊದಿಕೆ ಸಾಕು. ಇಲಿಯ ಮೇಲೂ ಕಣ್ಣಿಡಿ. ಹೊಸ ಉಣ್ಣೆ ಕಾರ್ಪೆಟ್ ಅಂದರೆ ಅದಕ್ಕೆ ಗೂಡು ಕಟ್ಟುವ ಜಾಗ.

ಸೋಮವಾರಪೇಟೆಯಿಂದ

ಹೊಳೆಯುವ ಪಟ್ಟಿ, ಹಿಡಿಕೆಗಳ ಬಗ್ಗೆ ಯಾರೂ ಹೇಳಲಿಲ್ಲ. ಎಲ್ಲವನ್ನೂ ಒಂದೇ ಚೀಲದಲ್ಲಿ ಕ್ರೋಮ್ ಪ್ಲೇಟಿಂಗಿಗೆ ಕಳಿಸಬೇಡಿ. ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಕಬ್ಬಿಣ. ಅಂಟದಿದ್ದರೆ ಹಿತ್ತಾಳೆಯೋ, ಸತುವಿನ ಎರಕವೋ, ಸ್ಟೇನ್‌ಲೆಸ್ಸೋ, ಅಲ್ಯುಮಿನಿಯಮ್ಮೋ ಅಂತ ತಿಳಿದವರಿಗೆ ತೋರಿಸಿ. ಸತುವಿನ ತುಂಡನ್ನು ಆಸಿಡ್ಡಿನಲ್ಲಿ ಅದ್ದಿದರೆ ತುಂಡೇ ಕರಗುತ್ತದೆ, ನಮ್ಮ ಒಂದು ಹಿಡಿಕೆ ಹಾಗೇ ಹೋಯಿತು. ಸ್ಟೇನ್‌ಲೆಸ್ ಮತ್ತು ಅಲ್ಯುಮಿನಿಯಂ ಪಟ್ಟಿಗೆ ಬಫ್ ಮಾಡಿದರೆ, ಅಂದರೆ ಉಜ್ಜಿ ಹೊಳಪು ಬರಿಸಿದರೆ, ಸಾಕು. ಕಬ್ಬಿಣದ ಕ್ರೋಮ್ ಮೇಲೆ ಸಣ್ಣ ತುಕ್ಕಿನ ಚುಕ್ಕೆ ಇದ್ದರೆ ಅಡುಗೆ ಮನೆಯ ಫಾಯಿಲನ್ನು ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ, ಹೋಗುತ್ತದೆ.

ಕುಶಾಲನಗರದಿಂದ

ಕಾಗದಪತ್ರದ ಕಡೆಯೂ ನೋಡಿಕೊಳ್ಳಿ. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ನಂಬರಿನಲ್ಲಿ ರಾಜ್ಯದ ಅಕ್ಷರದ ನಂತರ ವಿಎ ಅಂತ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ನಡೆಯುತ್ತದೆ. ಆದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪೇಟೆಗೆ ಹೋಗಿ ಬರಲು ಅದೇ ಕಾರು ಬೇಕು ಅಂತಿದ್ದರೆ ಮೊದಲೇ ಯೋಚಿಸಿ.

ಕೇಳಿದವರು, ಮತ್ತೆ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಕುಶನ್ ಅಂಗಡಿಯವರಿಗೆ ಈಗ ಬೇಡ ಅಂತ ಹೇಳಿ ಬಂದೆ. ಈ ಭಾನುವಾರ ಅಪ್ಪ, ನಾನು ಸೇರಿ ಹಿಂದಿನ ಸೀಟು ಎತ್ತಿದೆವು. ಇಷ್ಟು ದಿನ ಸೀಟು ಕಂದು ಬಣ್ಣದ್ದು ಅಂತಲೇ ನಂಬಿದ್ದೆವು. ಒಳಗೆ ಮಡಚಿದ ಅಂಚು ಬಿಡಿಸಿದರೆ ಕೆಂಪು! ಒಳ್ಳೆ ಹಣ್ಣಾದ ಕಾಫಿಯ ಕೆಂಪು. ಅಪ್ಪ ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ "ಹೌದು, ನಾನು ಚಿಕ್ಕವನಿದ್ದಾಗ ಕೆಂಪೇ ಇತ್ತು" ಅಂದರು. ಟ್ರಸ್ಟಿಗೆ ಅರ್ಜಿ ಕಳಿಸಿದ್ದೇನೆ. ಕಾರ್ಪೆಟ್ ಕಣದಲ್ಲಿದೆ. ಮುಂದಿನ ಎಡಬಾಗಿಲಿನ ಮರದ ಪಟ್ಟಿ ಮಾತ್ರ ಬಿಚ್ಚಲು ಬರುತ್ತಿಲ್ಲ, ಎಲ್ಲೋ ಒಂದು ಸ್ಕ್ರೂ ಕಾಣದೆ ಉಳಿದಿದೆ ಅನ್ನಿಸುತ್ತದೆ. ಸುಂಟಿಕೊಪ್ಪದ ಅಣ್ಣ, ನಿಮ್ಮ ಕಾರಿನ ಆ ಬಾಗಿಲು ಬಿಚ್ಚಿದ ಫೋಟೋ ಇದ್ದರೆ ಕಳಿಸ್ತೀರಾ?